ಮೂತ್ರಪಿಂಡದ ಕಸಿಯ ಅನಂತರದ ಬಾಳು: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯನ್ನು ಕುರಿತು ಒಂದು ಚಾರಿತ್ರಿಕ ವಿಚಾರ

೧

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಶಸ್ತ್ರಕ್ರಿಯೆ ನಡೆದ ದಿನವನ್ನು ಗುರುತಿಸಿ, ಅದನ್ನು ನಡೆಸಿದ ವೈದ್ಯರ ಹೆಸರನ್ನು ಹೇಳಿ, ಅಲ್ಲಿಗೆ ತಮ್ಮ ಕಥನವನ್ನು ಮುಗಿಸುವುದು ವಾಡಿಕೆ. ರೋಗಿಯಾದವನು ಆಸ್ಪತ್ರೆಯ ಬಾಗಿಲನ್ನು ದಾಟಿ ತನ್ನ ಊರಿಗೆ ಹಿಂದಿರುಗಿದ ಮೇಲೆ ಆತನ ಬಾಳು ಹೇಗೆ ಸಾಗಿತೆಂಬುದು ಚರಿತ್ರೆಯ ಪುಟಗಳಲ್ಲಿ ದೊರೆಯುವುದು ವಿರಳ. ಮೂತ್ರಪಿಂಡದ ಕಸಿಯ ವಿಷಯದಲ್ಲಂತೂ ಈ ಕೊರತೆ ಎದ್ದುಕಾಣುತ್ತದೆ. ಏಕೆಂದರೆ ಇದು ಒಂದು ದಿನದಲ್ಲಿ ಮುಗಿಯುವ ಚಿಕಿತ್ಸೆಯಲ್ಲ; ಕಸಿಯಾದ ಅಂಗವು ದೇಹದಲ್ಲಿರುವವರೆಗೂ ಮುಂದುವರಿಯುವ ಒಂದು ಜೀವನಕ್ರಮ. ಆದಕಾರಣ ಕಸಿಯ ಅನಂತರದ ಬಾಳಿನ ಗುಣಮಟ್ಟವೆಂಬುದು ವೈದ್ಯರು ಮಾತ್ರ ವಿಚಾರಿಸಬೇಕಾದ ವಿಷಯವಲ್ಲ, ಚರಿತ್ರಕಾರರೂ ವಿಚಾರಿಸಬೇಕಾದ ವಿಷಯವೆಂದು ನಾವು ಭಾವಿಸುತ್ತೇವೆ.

ಈ ವಿಚಾರಕ್ಕೆ ನಾವು ಆರಿಸಿಕೊಂಡಿರುವುದು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನ ಮೂರು ತಾಲ್ಲೂಕುಗಳನ್ನು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡರು. 'ದೇವಾನಾಂಪ್ರಿಯ' ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಅದರಿಂದ ಸ್ಥಿರಪಟ್ಟಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯು ಪ್ರಾಚೀನ ಕಾಲದಿಂದ ಚಿನ್ನದ ಗಣಿಗೆ ಹೆಸರಾದುದು. ಸಿಂಧನೂರು ತುಂಗಭದ್ರಾ ಎಡದಂಡೆ ನಾಲೆಯ ನೀರಿನಿಂದ ಬತ್ತದ ಕಣಜವಾದ ಸೀಮೆ. ಇವೆಲ್ಲವೂ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿಗಳೇ. ಇದೇ ನೆಲದಲ್ಲಿ ಅನ್ಯರೊಬ್ಬರ ಮೂತ್ರಪಿಂಡವನ್ನು ಧರಿಸಿ ಬಾಳುವವರ ಬದುಕಿಗೂ ಈ ಚರಿತ್ರೆಗೂ ಸಂಬಂಧವಿದೆಯೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಕಸಿಯ ಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೯೩೩ರಲ್ಲಿ ಉಕ್ರೇನಿನ ವೊರೊನೊಯ್ ಎಂಬ ಶಸ್ತ್ರವೈದ್ಯರು ಮೃತ ವ್ಯಕ್ತಿಯ ಮೂತ್ರಪಿಂಡವನ್ನು ರೋಗಿಯೊಬ್ಬರಿಗೆ ಜೋಡಿಸಿದರು. ರೋಗಿ ಎರಡು ದಿನಗಳಲ್ಲಿ ತೀರಿಕೊಂಡರು. ೧೯೫೨ರ ಕ್ರಿಸ್ಮಸ್ಸಿನ ವೇಳೆಗೆ ಪ್ಯಾರಿಸ್ಸಿನಲ್ಲಿ ಜಾನ್ ಹಾಂಬುರ್ಜೆ ಅವರ ತಂಡವು ಹದಿನಾರು ವರ್ಷದ ಬಡಗಿ ಹುಡುಗನೊಬ್ಬನಿಗೆ ಅವನ ತಾಯಿಯ ಮೂತ್ರಪಿಂಡವನ್ನೇ ಕಸಿಮಾಡಿತು. ಅದು ಸುಮಾರು ಮೂರು ವಾರ ಕೆಲಸಮಾಡಿ ನಿಂತುಹೋಯಿತು. ತಾಯಿಯ ಅಂಗವನ್ನೂ ಮಗನ ದೇಹವು ಅನ್ಯವೆಂದೇ ಎಣಿಸಿ ತಿರಸ್ಕರಿಸುತ್ತದೆಂಬ ಕಠಿನ ಸತ್ಯ ಇದರಿಂದ ಲೋಕಕ್ಕೆ ತಿಳಿಯಿತು.

ಈ ತಿರಸ್ಕಾರವು ಹುಟ್ಟದ ಒಂದು ಸಂದರ್ಭವುಂಟು. ಅದು ಏಕರೂಪ ಅವಳಿಗಳದು. ೧೯೫೪ರ ಡಿಸೆಂಬರ್ ೨೩ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್ ಎಂಬಾತನ ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡನಿಗೆ ಕಸಿಮಾಡಿದುದು ಮೊದಲ ನಿಜವಾದ ಸಫಲತೆ. ರಿಚರ್ಡನು ಗುಣಹೊಂದಿದ ಮೇಲೆ ತನ್ನನ್ನು ಉಪಚರಿಸಿದ ದಾದಿಯನ್ನು ವಿವಾಹವಾದನು. ಇಬ್ಬರು ಮಕ್ಕಳ ತಂದೆಯಾಗಿ ಎಂಟು ವರ್ಷ ಬದುಕಿದನು. ದಾನಮಾಡಿದ ರೊನಾಲ್ಡನು ೨೦೧೦ರವರೆಗೆ ಬಾಳಿದನು. ೧೯೫೬ರಲ್ಲಿ ತನ್ನ ಅವಳಿ ಸೋದರಿಯಿಂದ ಮೂತ್ರಪಿಂಡವನ್ನು ಪಡೆದ ಈಡಿತ್ ಹೆಲ್ಮ್ ಎಂಬಾಕೆ ೧೯೫೮ರಲ್ಲಿ ಮಗುವನ್ನು ಹೆತ್ತಳು. ಕಸಿಯ ಫಲವೆಂದರೆ ಜೀವ ಉಳಿಯುವುದು ಮಾತ್ರವಲ್ಲ, ವಿವಾಹ, ಸಂತಾನ, ಉದ್ಯೋಗಗಳು ಮರಳಿ ಸಾಧ್ಯವಾಗುವುದು ಎಂಬ ಅರಿವು ಈ ಮೊದಲ ನಿದರ್ಶನಗಳಲ್ಲಿಯೇ ಅಡಗಿದೆ.

ಅವಳಿಗಳಿಲ್ಲದವರ ಗತಿಯೇನೆಂಬ ಪ್ರಶ್ನೆಗೆ ಉತ್ತರ ಬಂದುದು ಔಷಧಗಳಿಂದ. ೧೯೬೦ರ ದಶಕದಲ್ಲಿ ಅಜಥಯೋಪ್ರಿನ್ ಮತ್ತು ಸ್ಟಿರಾಯ್ಡುಗಳು, ೧೯೮೩ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸೈಕ್ಲೋಸ್ಪೊರಿನ್, ೧೯೮೪ರಲ್ಲಿ ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಟ್ಯಾಕ್ರೋಲಿಮಸ್, ಇವು ದೇಹದ ತಿರಸ್ಕಾರವನ್ನು ಕ್ರಮವಾಗಿ ಹತೋಟಿಗೆ ತಂದುವು. ಆದರೆ ಇವುಗಳಿಗೆ ಒಂದು ನಿಬಂಧನೆಯುಂಟು. ಇವನ್ನು ಕಸಿಯಾದ ಅಂಗವು ಕೆಲಸಮಾಡುವಷ್ಟು ಕಾಲವೂ ಪ್ರತಿನಿತ್ಯ, ನಿಯತ ವೇಳೆಗೆ, ಸೇವಿಸಬೇಕು. ಇವು ಅನ್ಯ ಅಂಗದ ಮೇಲಿನ ದೇಹದ ಹಗೆತನವನ್ನು ಕುಗ್ಗಿಸುವಂತೆಯೇ ರೋಗಾಣುಗಳನ್ನು ಎದುರಿಸುವ ಶಕ್ತಿಯನ್ನೂ ಕುಗ್ಗಿಸುತ್ತವೆ. ಕಸಿಯ ಅನಂತರದ ಬಾಳಿನ ಸುಖವೂ ಕಷ್ಟವೂ ಈ ಒಂದು ನಿಬಂಧನೆಯಿಂದಲೇ ಹುಟ್ಟಿದುವೆಂದರೆ ತಪ್ಪಾಗಲಾರದು.

೩

ಕಸಿಗೆ ಪರ್ಯಾಯವಾದುದು ರಕ್ತಶುದ್ಧಿಯ ಯಂತ್ರ, ಎಂದರೆ ಡಯಾಲಿಸಿಸ್. ಕೋಲ್ಫ್ ಎಂಬ ವೈದ್ಯರು ಜರ್ಮನರ ಆಕ್ರಮಣದಲ್ಲಿದ್ದ ಹಾಲೆಂಡಿನಲ್ಲಿ ೧೯೪೩ರಲ್ಲಿ ಇದನ್ನು ರೂಪಿಸಿದರು. ೧೯೬೦ರಲ್ಲಿ ಸಿಯಾಟಲ್ ನಗರದ ಸ್ಕ್ರಿಬ್ನರ್ ಅವರು ರಕ್ತನಾಳಕ್ಕೆ ಸ್ಥಿರವಾದ ಕೊಳವೆಯನ್ನು ಅಳವಡಿಸಿದ ಮೇಲೆ ವರ್ಷಗಟ್ಟಲೆ ಚಿಕಿತ್ಸೆ ನಡೆಸುವುದು ಸಾಧ್ಯವಾಯಿತು. ವಾರಕ್ಕೆ ಎರಡು ಮೂರು ಸಲ, ಪ್ರತಿಸಲವೂ ಸುಮಾರು ನಾಲ್ಕು ಗಂಟೆ, ರೋಗಿ ಯಂತ್ರದ ಪಕ್ಕದಲ್ಲಿ ಮಲಗಬೇಕು. ಕುಡಿಯುವ ನೀರನ್ನೂ ಅಳೆದು ಕುಡಿಯಬೇಕು.

ಬಾಳಿನ ಗುಣಮಟ್ಟವನ್ನು ಅಳೆಯಬಹುದೆಂಬ ಭಾವನೆ ಈಚಿನದು. ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಸಂವಿಧಾನದಲ್ಲಿ ಆರೋಗ್ಯವೆಂದರೆ ರೋಗವಿಲ್ಲದಿರುವಿಕೆ ಮಾತ್ರವಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಸುಸ್ಥಿತಿಯೆಂದು ವಿವರಿಸಿದುದು ೧೯೪೬ರಲ್ಲಿ. ಮೂತ್ರಪಿಂಡ ರೋಗಿಗಳ ವಿಷಯದಲ್ಲಿ ಇವನ್ಸ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ಹನ್ನೊಂದು ಕೇಂದ್ರಗಳ ೮೫೯ ರೋಗಿಗಳನ್ನು ಪರೀಕ್ಷಿಸಿ ೧೯೮೫ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಸಿದ್ಧವಾದುದು. ಕಸಿಯಾದವರಲ್ಲಿ ಶೇಕಡ ೭೯.೧ರಷ್ಟು ಮಂದಿ ಸಾಮಾನ್ಯರಿಗೆ ಸಮೀಪವಾದ ರೀತಿಯಲ್ಲಿ ತಮ್ಮ ಕೆಲಸಗಳನ್ನು ಮಾಡಿಕೊಳ್ಳಬಲ್ಲವರಾಗಿದ್ದರು. ಡಯಾಲಿಸಿಸ್ಸಿನಲ್ಲಿದ್ದವರಲ್ಲಿ ಆ ಪ್ರಮಾಣ, ಚಿಕಿತ್ಸೆಯ ಬಗೆಗೆ ಅನುಸಾರವಾಗಿ, ಶೇಕಡ ೪೭.೫ರಿಂದ ೫೯.೧. ೧೯೯೯ರಲ್ಲಿ ವುಲ್ಫ್ ಮತ್ತಿತರರು ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಕಸಿಗಾಗಿ ಕಾದಿರುವವರಿಗೆ ಹೋಲಿಸಿದರೆ ಕಸಿಯಾದವರ ದೀರ್ಘಕಾಲದ ಮರಣಪ್ರಮಾಣ ಶೇಕಡ ೪೮ರಿಂದ ೮೨ರಷ್ಟು ಕಡಮೆ. ಆದರೆ ಶಸ್ತ್ರಕ್ರಿಯೆಯ ಮೊದಲ ಎರಡು ವಾರಗಳಲ್ಲಿ ಅಪಾಯ ಕಾದಿರುವವರಿಗಿಂತ ಹೆಚ್ಚೇ. ಎಂದರೆ ಕಸಿಯು ಇಂದಿನ ಅಪಾಯವನ್ನು ಕೊಟ್ಟು ನಾಳಿನ ಬಾಳನ್ನು ಕೊಳ್ಳುವ ಒಂದು ವಿನಿಮಯ.

ಇವು ಅಮೆರಿಕದ ಅಂಕಿಗಳೆಂಬುದನ್ನು ಮರೆಯಲಾಗದು. ವಿಶ್ವ ಆರೋಗ್ಯ ಸಂಸ್ಥೆಯೇ ೧೯೯೦ರ ದಶಕದಲ್ಲಿ ಬಾಳಿನ ಗುಣಮಟ್ಟಕ್ಕೆ ಅಳತೆಗೋಲನ್ನು ರಚಿಸಿದಾಗ, ಮನುಷ್ಯನು ತಾನಿರುವ ಸಂಸ್ಕೃತಿ ಮತ್ತು ಮೌಲ್ಯಗಳ ನಡುವೆ ತನ್ನ ಸ್ಥಿತಿಯನ್ನು ತಾನು ಹೇಗೆ ಕಾಣುತ್ತಾನೆಂಬುದನ್ನೇ ಮುಖ್ಯವೆಂದು ಎಣಿಸಿತು. ದೆಹಲಿ ಮತ್ತು ಚೆನ್ನೈ ಕೇಂದ್ರಗಳೂ ಆ ರಚನೆಯಲ್ಲಿ ಪಾಲುಗೊಂಡುವು. ಬಾಸ್ಟನ್ನಿನ ಕಚೇರಿಯ ನೌಕರನಿಗೆ 'ಕೆಲಸಕ್ಕೆ ಹಿಂದಿರುಗುವುದು' ಎಂದರೆ ಒಂದರ್ಥ. ಸಿಂಧನೂರಿನ ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿಮಾಡುವವಳಿಗೆ ಬೇರೊಂದರ್ಥ.

೪

ನಮ್ಮ ದೇಶದಲ್ಲಿ ೧೯೬೫ರಲ್ಲಿ ಮುಂಬಯಿಯಲ್ಲಿ ನಡೆದ ಪ್ರಯತ್ನವು ಹೆಚ್ಚು ದಿನ ಫಲಕೊಡಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ೧೯೭೧ರಲ್ಲಿ ಜೀವಂತ ದಾನಿಯಿಂದ ನಡೆದ ಕಸಿಯು ಸಫಲವಾಯಿತು. ಅಲ್ಲಿಂದ ಮುಂದೆ ದೊಡ್ಡ ನಗರಗಳಲ್ಲಿ ಈ ಚಿಕಿತ್ಸೆ ಹರಡಿತು. ಅದರ ಜೊತೆಯಲ್ಲಿಯೇ ಹರಡಿದುದು ಬಡವರ ಮೂತ್ರಪಿಂಡಗಳ ವ್ಯಾಪಾರ. ಬೆಂಗಳೂರೂ ಈ ಕಳಂಕದಿಂದ ಹೊರತಾಗಿರಲಿಲ್ಲ. ಇದನ್ನು ತಡೆಯಲೆಂದೇ ಸಂಸತ್ತು ೧೯೯೪ರಲ್ಲಿ ಮಾನವ ಅಂಗಗಳ ಕಸಿಯ ಕಾನೂನನ್ನು ಮಾಡಿ, ಅಂಗದ ಮಾರಾಟವನ್ನು ಅಪರಾಧವೆಂದು ಸಾರಿತು. ಮಿದುಳಿನ ಮರಣವನ್ನು ಮರಣವೆಂದು ಒಪ್ಪಿತು. ೨೦೧೧ರ ತಿದ್ದುಪಡಿಯು ಸಮೀಪ ಬಂಧುಗಳ ಪಟ್ಟಿಗೆ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಸೇರಿಸಿತು.

ಬಾಳಿನ ಗುಣಮಟ್ಟವೆಂಬುದು ಪಡೆದವನೊಬ್ಬನದೇ ಅಲ್ಲ, ಕೊಟ್ಟವರದೂ ಹೌದು. ಚೆನ್ನೈಯಲ್ಲಿ ಮೂತ್ರಪಿಂಡವನ್ನು ಮಾರಿದ್ದ ೩೦೫ ಮಂದಿಯನ್ನು ಕುರಿತು ೨೦೦೨ರಲ್ಲಿ ಪ್ರಕಟವಾದ ಅಧ್ಯಯನವನ್ನು ಇಲ್ಲಿ ನೆನೆಯಬೇಕು. ಅವರಲ್ಲಿ ಶೇಕಡ ೯೬ ಮಂದಿ ಸಾಲ ತೀರಿಸಲು ಮಾರಿದವರು. ಮಾರಿದ ಮೇಲೆ ಕುಟುಂಬದ ಸರಾಸರಿ ವರಮಾನ ಮೂರರಲ್ಲೊಂದು ಪಾಲು ಇಳಿದಿತ್ತು. ಶೇಕಡ ೮೬ ಮಂದಿ ತಮ್ಮ ಆರೋಗ್ಯ ಕುಂದಿತೆಂದರು. ಬಹುಪಾಲು ಜನರ ಸಾಲ ತೀರಿರಲೂ ಇಲ್ಲ. ಮಳೆ ಕೈಕೊಟ್ಟ ವರ್ಷ ಸಾಲ ಬೆಳೆಯುವ ರಾಯಚೂರಿನಂಥ ಜಿಲ್ಲೆಯವರು ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು.

ಕಾನೂನು ವ್ಯಾಪಾರವನ್ನು ತಡೆದ ಮೇಲೆ ದಾನದ ಭಾರ ಕುಟುಂಬದೊಳಕ್ಕೆ ಬಂದಿತು. ಅಲ್ಲಿ ಆ ಭಾರವನ್ನು ಹೊತ್ತವರು ಹೆಚ್ಚಾಗಿ ಹೆಂಗಸರು. ಭಾರತದಲ್ಲಿ ಜೀವಂತ ದಾನಿಗಳಲ್ಲಿ ತಾಯಂದಿರು ಮತ್ತು ಹೆಂಡಂದಿರೇ ಬಹುಸಂಖ್ಯಾತರು. ಪಡೆದವರಲ್ಲಿ ಗಂಡಸರು ಬಹುಸಂಖ್ಯಾತರು. ೧೯೯೫ರಿಂದ ೨೦೨೧ರವರೆಗೆ ದೇಶದಲ್ಲಿ ನಡೆದ ಅಂಗಾಂಗ ಕಸಿಗಳ ಸರ್ಕಾರಿ ಲೆಕ್ಕದಲ್ಲಿ ಐವರು ಪಡೆದವರಲ್ಲಿ ಸುಮಾರು ನಾಲ್ವರು ಪುರುಷರು. ೧೯೫೨ರಲ್ಲಿ ಪ್ಯಾರಿಸ್ಸಿನ ತಾಯಿ ತೋರಿದ ತ್ಯಾಗವು ನಮ್ಮಲ್ಲಿ ಒಂದು ಸಾಮಾಜಿಕ ರೂಢಿಯೇ ಆಗಿದೆ. ತ್ಯಾಗವನ್ನು ಹೊಗಳುವುದು ಸುಲಭ. ಹೆಂಗಸಿಗೆ ಅದೇ ರೋಗ ಬಂದಾಗ ಕೊಡುವವರು ಯಾರೆಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಮೃತರ ಅಂಗದಾನವು ಹೆಚ್ಚಿದಷ್ಟೂ ಈ ಅಸಮತೆ ತಗ್ಗಬಹುದು. ಕರ್ನಾಟಕದಲ್ಲಿ 'ಜೀವಸಾರ್ಥಕತೆ' ಸಂಸ್ಥೆಯು ಅದರ ಹೊಣೆ ಹೊತ್ತಿದೆ. ೨೦೨೧ರಲ್ಲಿ ನಟ ಸಂಚಾರಿ ವಿಜಯ್ ಅವರು ಅಪಘಾತದಿಂದ ತೀರಿಕೊಂಡಾಗ ಅವರ ಕುಟುಂಬದವರು ಅಂಗಗಳನ್ನು ದಾನಮಾಡಿದುದು ನಾಡಿನ ಜನರ ಮನಸ್ಸನ್ನು ಮುಟ್ಟಿತು.

೫

ಇನ್ನು ನಮ್ಮ ಸೀಮೆಯ ವಿಷಯ. ಇಲ್ಲಿನ ಆರೋಗ್ಯದ ಚರಿತ್ರೆಯು ಆಡಳಿತದ ಚರಿತ್ರೆಯೊಡನೆ ಹೆಣೆದುಕೊಂಡಿದೆ. ಲಿಂಗಸುಗೂರು ಒಂದು ಕಾಲದಲ್ಲಿ ದಂಡಿನ ಠಾಣ್ಯವೂ ಜಿಲ್ಲೆಯ ಮುಖ್ಯಸ್ಥಳವೂ ಆಗಿತ್ತು. ೧೯೦೫ರಲ್ಲಿ ಆ ಜಿಲ್ಲೆಯು ರದ್ದಾಯಿತು. ೧೯೪೮ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಈ ಪ್ರದೇಶಕ್ಕೆ ಹೈದರಾಬಾದು ರಾಜಧಾನಿ. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾದಾಗ ರಾಜಧಾನಿಯು ಬೆಂಗಳೂರಾಯಿತು. ಭಾಷೆಯ ದೃಷ್ಟಿಯಿಂದ ಅದು ತಾಯ್ಮನೆಗೆ ಮರಳಿದ ಸಂತೋಷ. ಆದರೆ ರೋಗಿಯ ದೃಷ್ಟಿಯಿಂದ ದೊಡ್ಡ ಆಸ್ಪತ್ರೆಗಳಿದ್ದ ರಾಜಧಾನಿ ಮೊದಲಿಗಿಂತ ದೂರವಾಯಿತು. ಇಂದಿಗೂ ಸಿಂಧನೂರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಸಿಂಧನೂರಿಗೆ ರೈಲು ಬಂದುದು ೨೦೨೪ರಲ್ಲಿ.

ಪ್ರಾದೇಶಿಕ ಅಸಮತೆಯನ್ನು ವಿಚಾರಿಸಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ರಾಜ್ಯದ ೧೧೪ ತಾಲ್ಲೂಕುಗಳನ್ನು ಹಿಂದುಳಿದುವೆಂದು ಗುರುತಿಸಿತು. ಸಿಂಧನೂರು ಮತ್ತು ಲಿಂಗಸುಗೂರುಗಳೂ ಆ ಪಟ್ಟಿಯಲ್ಲಿದ್ದುವು. ಮಸ್ಕಿಯು ಆಗಿನ್ನೂ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ. ೨೦೧೨ರ ಸಂವಿಧಾನ ತಿದ್ದುಪಡಿಯಿಂದ ೩೭೧ (ಜೆ) ವಿಧಿಯು ಈ ಭಾಗಕ್ಕೆ ವಿಶೇಷ ಸ್ಥಾನವನ್ನು ಕೊಟ್ಟಿತು.

ಈ ಹಿಂದುಳಿದಿರುವಿಕೆಯೇ ಒಂದು ಮುಖ್ಯ ಪ್ರಯೋಗಕ್ಕೆ ಕಾರಣವಾಯಿತೆಂಬುದು ಗಮನಾರ್ಹ. ೨೦೧೦ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಬಡತನದ ರೇಖೆಗಿಂತ ಕೆಳಗಿನವರಿಗೆ ಉನ್ನತ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆಯನ್ನು ಮೊದಲು ಗುಲ್ಬರ್ಗ ವಿಭಾಗದಲ್ಲಿ ಆರಂಭಿಸಿತು. ಹೃದ್ರೋಗ, ಅರ್ಬುದ ಮೊದಲಾದುವುಗಳ ಜೊತೆಗೆ ಮೂತ್ರಪಿಂಡದ ರೋಗವೂ ಅದರ ವ್ಯಾಪ್ತಿಯಲ್ಲಿತ್ತು. ಯೋಜನೆಯಿದ್ದ ಮತ್ತು ಇಲ್ಲದ ಗಡಿಯ ಎರಡು ಬದಿಗಳ ೫೭೨ ಹಳ್ಳಿಗಳನ್ನು ಹೋಲಿಸಿ ವಿದ್ವಾಂಸರು ೨೦೧೪ರಲ್ಲಿ ಪ್ರಕಟಿಸಿದ ಫಲ ಹೀಗಿದೆ: ಯೋಜನೆಗೆ ಒಳಪಟ್ಟ ರೋಗಗಳಿಂದ ಬಡ ಕುಟುಂಬಗಳಲ್ಲಿ ಸಂಭವಿಸಿದ ಮರಣ ಯೋಜನೆಯಿದ್ದ ಹಳ್ಳಿಗಳಲ್ಲಿ ಶೇಕಡ ೦.೩೨, ಇಲ್ಲದ ಹಳ್ಳಿಗಳಲ್ಲಿ ಶೇಕಡ ೦.೯೦. ಆಸ್ಪತ್ರೆಗಾಗಿ ಕೈಯಿಂದ ತೆತ್ತ ಹಣವೂ ಮೂರರಲ್ಲೊಂದು ಪಾಲಿನಷ್ಟು ಕಡಮೆಯಾಗಿತ್ತು. ಇದು ಮೂತ್ರಪಿಂಡ ರೋಗಿಗಳನ್ನು ಮಾತ್ರ ಕುರಿತ ಅಂಕಿಯಲ್ಲ. ಆದರೂ ದೂರದ ಹಳ್ಳಿಯವನಿಗೆ ದೊಡ್ಡ ಆಸ್ಪತ್ರೆಯ ಬಾಗಿಲು ತೆರೆದರೆ ಆತನು ಅದನ್ನು ಪ್ರವೇಶಿಸುತ್ತಾನೆ, ಬದುಕುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

೬

ಆದರೆ ಬಾಗಿಲನ್ನು ಪ್ರವೇಶಿಸುವುದು ಒಂದು, ಹೊರಬಂದ ಮೇಲೆ ಬಾಳುವುದು ಇನ್ನೊಂದು. ಕಸಿಯಾದವರ ದಿನಚರಿಯನ್ನು ಈ ಸೀಮೆಯ ಹಿನ್ನೆಲೆಯಲ್ಲಿಟ್ಟು ನೋಡಿದರೆ ನಾಲ್ಕು ಸಂಗತಿಗಳು ಮುಖ್ಯವೆಂದು ತೋರುತ್ತವೆ.

ಮೊದಲನೆಯದು ನೀರು. ಡಯಾಲಿಸಿಸ್ಸಿನಲ್ಲಿದ್ದಾಗ ನೀರನ್ನು ಲೋಟದ ಲೆಕ್ಕದಲ್ಲಿ ಕುಡಿಯುತ್ತಿದ್ದವರಿಗೆ ಕಸಿಯಾದ ಮೇಲೆ ಧಾರಾಳವಾಗಿ ಕುಡಿಯಿರೆಂದು ವೈದ್ಯರು ಹೇಳುತ್ತಾರೆ. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಮೀರಿ ಕಾಯುವ ಈ ಎರೆಯ ನಾಡಿನಲ್ಲಿ ಬಾಯಾರಿದಷ್ಟು ನೀರು ಕುಡಿಯುವುದೇ ಒಂದು ದೊಡ್ಡ ಸುಖ. ಆದರೆ ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ನಾಲೆಯ ನೀರನ್ನು ಶುದ್ಧಗೊಳಿಸದೆ ಕುಡಿಯುವಂತಿಲ್ಲ. ರೋಗನಿರೋಧಶಕ್ತಿ ಕುಂದಿದವನಿಗೆ ಕಾಯಿಸಿ ಆರಿಸಿದ ನೀರು ಔಷಧದಷ್ಟೇ ಆವಶ್ಯಕ.

ಎರಡನೆಯದು ದುಡಿಮೆ. ಗಾಯ ಮಾಗಿದ ಮೇಲೆ ಕಸಿಯಾದವರು ಸಾಮಾನ್ಯವಾಗಿ ದುಡಿಯಬಲ್ಲರು. ಆದರೆ ಕೆಸರು, ಗೊಬ್ಬರ, ನಿಂತ ನೀರು, ಇಲಿಗಳು ತಿರುಗಾಡುವ ಗದ್ದೆಯ ಬದು, ಇವುಗಳಿಂದ ಸೋಂಕು ತಗಲುವ ಭಯ ಇತರರಿಗಿಂತ ಅವರಿಗೆ ಅಧಿಕ. ನಮ್ಮ ದೇಶದಲ್ಲಿ ಕಸಿಯಾದವರನ್ನು ಕಾಡುವ ರೋಗಗಳಲ್ಲಿ ಕ್ಷಯವು ಮುಖ್ಯವಾದುದು. ಅದಕ್ಕೆ ಕೊಡುವ ರಿಫಾಂಪಿಸಿನ್ ಔಷಧವು ಟ್ಯಾಕ್ರೋಲಿಮಸ್ಸಿನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸಿಬಿಡುತ್ತದೆ. ಆದಕಾರಣ ಕೂಲಿಯಿಂದ ಬದುಕುವವರು ಹಿಂದಿನ ಕೆಲಸಕ್ಕೇ ಮರಳಬೇಕೆ, ಬೇರೆ ಕಸುಬನ್ನು ಹಿಡಿಯಬೇಕೆ ಎಂಬುದು ಮನೆಯ ಅನ್ನದ ಪ್ರಶ್ನೆಯಾಗುತ್ತದೆ.

ಮೂರನೆಯದು ಔಷಧ ಮತ್ತು ದೂರ. ಹನ್ನೆರಡು ಗಂಟೆಗೊಮ್ಮೆ ನುಂಗುವ ಮಾತ್ರೆಯು ಊರಿನ ಅಂಗಡಿಯಲ್ಲಿ ಸಿಕ್ಕದಿದ್ದರೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ರಾಯಚೂರು ಸುಮಾರು ತೊಂಬತ್ತು ಕಿಲೋಮೀಟರು. ರಕ್ತದಲ್ಲಿ ಔಷಧದ ಪ್ರಮಾಣವನ್ನು ಅಳೆಯಿಸಲು ಇನ್ನೂ ದೂರ ಹೋಗಬೇಕಾಗಬಹುದು. ಒಂದು ದಿನದ ಪ್ರಯಾಣವೆಂದರೆ ರೋಗಿಯ ಕೂಲಿಯ ಜೊತೆಗೆ ಸಂಗಡಿಗನ ಕೂಲಿಯೂ ಹೋದಂತೆ. ೧೯೭೦ರ ಪೇಟೆಂಟ್ ಕಾನೂನಿನ ಅನಂತರ ಬೆಳೆದ ಭಾರತೀಯ ಔಷಧೋದ್ಯಮವು ಈ ಮಾತ್ರೆಗಳನ್ನು ಅಗ್ಗವಾಗಿ ತಯಾರಿಸುವುದು ನಿಜವೇ. ಆದರೂ ಪ್ರತಿ ತಿಂಗಳೂ ತಪ್ಪದೆ ಬರುವ ವೆಚ್ಚ ಸಣ್ಣ ಹಿಡುವಳಿದಾರನಿಗೆ ಸಣ್ಣದಲ್ಲ. ಮೈ ಚೆನ್ನಾಗಿದೆಯೆಂದು ಮಾತ್ರೆಯನ್ನು ಬಿಟ್ಟವನ ಮೂತ್ರಪಿಂಡವು ನೋವಿನ ಸೂಚನೆಯನ್ನೂ ಕೊಡದೆ ಕೆಡಬಹುದು.

ನಾಲ್ಕನೆಯದು ಮನಸ್ಸು. ಕಸಿಯಾದ ಅಂಗವು ಹತ್ತು ಹದಿನೈದು ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ, ಕೆಲಸಮಾಡುತ್ತದೆ. ಶಾಶ್ವತವೆಂಬ ಭರವಸೆ ಇಲ್ಲ. ಪ್ರತಿಸಲದ ಕ್ರಿಯಾಟಿನಿನ್ ಪರೀಕ್ಷೆಯೂ ಒಂದು ತೀರ್ಪಿನಂತೆ. ಸ್ಟಿರಾಯ್ಡಿನಿಂದ ಮುಖ ಊದಿಕೊಂಡ ಯುವತಿಗೆ ಮದುವೆಯ ಮಾತು, ಅಂಗ ಕೊಟ್ಟ ತಾಯಿಗೆ ಹೇಳಿಕೊಳ್ಳಲಾಗದ ಆಯಾಸ, ಪಡೆದ ಮಗನಿಗೆ ತೀರಿಸಲಾಗದ ಋಣದ ಭಾವ, ಇವು ಯಾವ ಪ್ರಶ್ನಾವಳಿಯಲ್ಲಿಯೂ ಪೂರ್ತಿಯಾಗಿ ಅಡಕವಾಗುವುದಿಲ್ಲ. ಇಷ್ಟಾದರೂ ವಾರಕ್ಕೆ ಮೂರು ದಿನ ಯಂತ್ರಕ್ಕೆ ಕಟ್ಟುಬಿದ್ದಿದ್ದವನು ಮಗಳ ಶಾಲೆಯವರೆಗೆ ನಡೆದುಹೋಗಿ ಬರುವನೆಂದರೆ ಆ ಬಾಳಿನ ಬೆಲೆಯನ್ನು ಕಡಮೆಯಾಗಿ ಕಟ್ಟಲಾಗದು.

೭

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿದೆ. ಬಡ ಸೀಮೆಯಲ್ಲಿ ಕೆಲವರ ಕಸಿಗೆ ಹಣವನ್ನು ವ್ಯಯಮಾಡುವುದಕ್ಕಿಂತ ರೋಗವನ್ನು ತಡೆಯುವುದೇ ಲೇಸಲ್ಲವೆ ಎಂದು ಕೆಲವರು ಕೇಳುತ್ತಾರೆ. ಮಧುಮೇಹ, ರಕ್ತದೊತ್ತಡಗಳನ್ನು ಹತೋಟಿಯಲ್ಲಿಡುವುದರಿಂದಲೂ ನೋವಿನ ಮಾತ್ರೆಗಳ ಅತಿಸೇವನೆಯನ್ನು ಬಿಡಿಸುವುದರಿಂದಲೂ ಅನೇಕ ಮೂತ್ರಪಿಂಡಗಳು ಉಳಿಯುತ್ತವೆಂಬುದು ನಿಸ್ಸಂದೇಹ. ಆದರೆ ಮೇಲಿನ ನಾಲ್ಕು ಸಂಗತಿಗಳನ್ನು ಪರಿಶೀಲಿಸಿದರೆ ಈ ಎರಡಕ್ಕೂ ವಿರೋಧವಿಲ್ಲವೆಂದು ತಿಳಿಯುತ್ತದೆ. ಶುದ್ಧವಾದ ನೀರು, ತಾಲ್ಲೂಕು ಆಸ್ಪತ್ರೆಯಲ್ಲಿಯೇ ರಕ್ತಪರೀಕ್ಷೆ, ತಪ್ಪದೆ ದೊರೆಯುವ ಔಷಧ, ರೋಗಿಯನ್ನು ವರ್ಷಾನುವರ್ಷ ಬಲ್ಲ ವೈದ್ಯ, ಇವು ಮಧುಮೇಹಿಗೆ ಎಷ್ಟು ಬೇಕೋ ಕಸಿಯಾದವನಿಗೂ ಅಷ್ಟೇ ಬೇಕು. ೨೦೧೬ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ಯಂತ್ರವನ್ನು ಜಿಲ್ಲೆಗಳವರೆಗೆ ತಂದಿತು. ಕರ್ನಾಟಕದಲ್ಲಿ ಅದು ತಾಲ್ಲೂಕು ಆಸ್ಪತ್ರೆಗಳಿಗೂ ಬಂದಿದೆ. ಯಂತ್ರ ಬಂದ ದಾರಿಯಲ್ಲಿಯೇ ಕಸಿಯ ಅನಂತರದ ಆರೈಕೆಯೂ ಬರುವುದು ಅಸಾಧ್ಯವೇನಲ್ಲ.

'ಕಸಿ' ಎಂಬುದು ತೋಟಗಾರನ ಮಾತು, 'ನಾಟಿ' ಎಂಬುದು ಗದ್ದೆಯ ಮಾತು. ನಮ್ಮ ಭಾಷೆ ಎರಡನ್ನೂ ಈ ಚಿಕಿತ್ಸೆಗೆ ಬಳಸಿಕೊಂಡಿದೆ. ಸಸಿಯನ್ನು ಕಿತ್ತು ನೆಟ್ಟಲ್ಲಿಗೆ ಬೇಸಾಯ ಮುಗಿಯಲಿಲ್ಲವೆಂಬುದು ಸಿಂಧನೂರಿನ ರೈತನಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ.

ಕೊನೆಯದಾಗಿ ನಮ್ಮ ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಸೂಚನೆ. ಮಸ್ಕಿಯ ಲೇಖ ಕಲ್ಲಿನ ಮೇಲಿದ್ದುದರಿಂದ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಉಳಿಯಿತು. ಕಸಿಯಾದವರ ಬಾಳಿನ ಲೇಖಗಳು ಆಸ್ಪತ್ರೆಯ ಚೀಟಿ, ಔಷಧದ ರಸೀದಿ, ಬಸ್ಸಿನ ಟಿಕೀಟು, ಸಾಲದ ಪತ್ರಗಳಲ್ಲಿವೆ; ಅವು ಒಂದೆರಡು ಮಳೆಗಾಲಗಳಲ್ಲಿ ಹಾಳಾಗುತ್ತವೆ. ಅಂಥವರ ಅನುಮತಿಯನ್ನು ಪಡೆದು, ಹೆಸರುಗಳನ್ನು ಮರೆಮಾಡಿ, ಪಡೆದವರ ಮಾತನ್ನೂ ಕೊಟ್ಟವರ ಮಾತನ್ನೂ ಈ ಮೂರು ತಾಲ್ಲೂಕುಗಳಲ್ಲಿ ಸಂಗ್ರಹಿಸಿದರೆ, ಶಸ್ತ್ರಕ್ರಿಯೆಯ ದಿನಕ್ಕೇ ನಿಂತುಬಿಡುವ ನಮ್ಮ ವೈದ್ಯಚರಿತ್ರೆಯು ಮರುದಿನದತ್ತ ಹೆಜ್ಜೆಯಿಟ್ಟಂತಾಗುತ್ತದೆ. ಎಂತಹ ಆರೈಕೆ ಎಲ್ಲಿ ಬೇಕೆಂಬುದನ್ನು ಆಳುವವರಿಗೆ ಆಧಾರಸಹಿತವಾಗಿ ತಿಳಿಸುವುದಕ್ಕೂ ಅಂಥ ಸಂಗ್ರಹವೇ ಸಾಧನವಾಗುವುದು.